ಒಂದು ಗಾಯಕ್ಕೆ ಎಷ್ಟು ಔಷಧಿ?

ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹೆಣ್ಣುಮಕ್ಕಳ ಬೆರಳುಗಳಿಗೆ ಒಣಕಾಯಿಯ ಮೊನೆ ಚುಚ್ಚುವುದು ಇದ್ದದ್ದೇ. ಮಾನ್ವಿಯ ಕಡೆ ಮೇವು ಕೊಯ್ಯುವಾಗ ಕುಡುಗೋಲು ತಾಗುತ್ತದೆ. ರಾಯಚೂರು ನಗರದ ಅಡುಗೆಮನೆಯಲ್ಲಾದರೆ ಚಾಕು, ಬಿಸಿ ಎಣ್ಣೆ. ಗಾಯವಾದೊಡನೆ ನಾವೇನು ಮಾಡುತ್ತೇವೆ? ಮೊದಲು ಡೆಟಾಲ್, ಅದರ ಮೇಲೆ ಅಯೋಡಿನ್, ಅದರ ಮೇಲೆ ಪುಡಿ, ಸಾಲದೆಂಬಂತೆ ಅರಿಶಿನ! "ಆಪಾ, ಒಂದಕ್ಕಿಂತ ಎರಡು ಒಳ್ಳೆಯದಲ್ಲವೇ?" ಎಂದು ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನನ್ನು ಕೇಳಿದ್ದರು.

ಒಳ್ಳೆಯದಲ್ಲ. ಒಂದು ಔಷಧಿ ಇನ್ನೊಂದರ ಶಕ್ತಿಯನ್ನು ಕೊಲ್ಲುವುದುಂಟು. ಸಾಬೂನಿನಿಂದ ತೊಳೆದ ಗಾಯಕ್ಕೆ ನೊರೆ ಪೂರ್ತಿ ಹೋಗುವ ಮೊದಲೇ ಸಾವ್ಲಾನ್ ಹಚ್ಚಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾಬೂನಿನ ಕಣ ಋಣ ವಿದ್ಯುದಂಶದ್ದು, ಸಾವ್ಲಾನಿನಲ್ಲಿರುವ ಕ್ಲೋರ್‌ಹೆಕ್ಸಿಡೀನ್ ಮತ್ತು ಸೆಟ್ರಿಮೈಡ್ ಧನ ವಿದ್ಯುದಂಶದವು. ಎರಡೂ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತವೆ. ಸುಟ್ಟಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಸಾಮಾನ್ಯವಾಗಿ ಬೆಳ್ಳಿಯ ಅಂಶವಿರುತ್ತದೆ. ಅದರೊಡನೆ ಬೆಟಾಡಿನ್‌ನಂತಹ ಅಯೋಡಿನ್ ಔಷಧಿ ಸೇರಿದರೆ ಸಿಲ್ವರ್ ಅಯೋಡೈಡ್ ಉಂಟಾಗಿ ಎರಡರ ಗುಣವೂ ಕುಗ್ಗುತ್ತದೆ. ದುಡ್ಡು ಕೊಟ್ಟು ತಂದ ಎರಡು ಔಷಧಿಗಳೂ ವ್ಯರ್ಥ!

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸುಬುಸು ನೊರೆ ಬರುವುದನ್ನು ಕಂಡು ಕ್ರಿಮಿಗಳು ಸಾಯುತ್ತಿವೆ ಎಂದು ಸಂತೋಷಪಡುವವರಿದ್ದಾರೆ. ನಮ್ಮ ರಕ್ತದಲ್ಲಿರುವ ಕಿಣ್ವವೊಂದು ಅದರಿಂದ ಆಮ್ಲಜನಕವನ್ನು ಬಿಡಿಸುವುದರಿಂದ ಬರುವ ನೊರೆ ಅದು. ಆಳವಾದ ತೂತುಗಾಯಕ್ಕೆ ಅದನ್ನು ಸುರಿಯಲೇಬಾರದು. ಗಾಳಿಗುಳ್ಳೆ ರಕ್ತನಾಳ ಸೇರುವ ಅಪಾಯವಿದೆ.

ಇನ್ನೊಂದು ಸಂಗತಿ. ಕ್ರಿಮಿಯನ್ನು ಕೊಲ್ಲುವ ದ್ರವಕ್ಕೆ ನಮ್ಮ ಜೀವಕೋಶದ ಗುರುತು ತಿಳಿಯದು. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1914-18ರ ಮಹಾಯುದ್ಧದಲ್ಲಿ, ಸೈನಿಕರ ಆಳಗಾಯಗಳನ್ನು ಪರೀಕ್ಷಿಸಿ, ಅಂದಿನ ಆಂಟಿಸೆಪ್ಟಿಕ್‌ಗಳು ಕ್ರಿಮಿಗಳಿಗಿಂತ ಅವುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೇ ಹೆಚ್ಚು ಕೊಲ್ಲುತ್ತವೆ ಎಂದು ತೋರಿಸಿದ್ದರು. ನೀರು ಬೆರೆಸದೆ ಡೆಟಾಲ್ ಸುರಿದರೆ ಚರ್ಮ ಸುಡುತ್ತದೆ. ಅದರ ಮೇಲೆ ಮತ್ತೊಂದು ಬಿದ್ದರೆ ಉರಿ, ಗುಳ್ಳೆ. ಆಗ ಸೋಂಕೋ ಔಷಧಿಯ ಸುಡುವಿಕೆಯೋ ಎಂದು ವೈದ್ಯರಿಗೂ ಗೊತ್ತಾಗುವುದು ಕಷ್ಟ.

ಹಾಗಾದರೆ ಮಾಡಬೇಕಾದ್ದೇನು? ಸಣ್ಣ ಗಾಯವನ್ನು ಕುಡಿಯಲು ಯೋಗ್ಯವಾದ ಶುದ್ಧ ನೀರಿನಲ್ಲಿ ಕೆಲವು ನಿಮಿಷ ಚೆನ್ನಾಗಿ ತೊಳೆಯಿರಿ. ಮಣ್ಣು ಹೋಗುವುದೇ ಮುಖ್ಯ. ಹಚ್ಚುವುದಿದ್ದರೆ ಒಂದೇ ಔಷಧಿ ಹಚ್ಚಿ, ಶುಭ್ರ ಬಟ್ಟೆ ಕಟ್ಟಿ. ಗಾಯಕ್ಕೆ ನೀರು ತಾಗಿಸಬೇಡಿ ಎಂದು ವೈದ್ಯರು ಹೇಳಿದ್ದರೆ ವುಝೂಗಾಗಿ ದಿನಕ್ಕೆ ಐದು ಸಲ ಪಟ್ಟಿ ಬಿಚ್ಚಬೇಕಾಗಿಲ್ಲ. ಪಟ್ಟಿಯ ಮೇಲೆ ಒದ್ದೆ ಕೈ ಸವರಲು ಫಿಕ್ಹ್‌ನಲ್ಲಿ ಅನುಮತಿಯಿದೆ. ಎಷ್ಟೋ ಸಹೋದರಿಯರಿಗೆ ಇದು ತಿಳಿದಿಲ್ಲ.

ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಮಾತ್ರ ಮನೆಮದ್ದಿಗೆ ಬಿಡಬೇಡಿ. ಅವರಿಗೆ ನೋವೇ ಗೊತ್ತಾಗದಿರಬಹುದು. ಆಳವಾದ ಗಾಯ, ಮಣ್ಣು ಸೇರಿದ ಗಾಯ, ಕೀವು, ಜ್ವರ ಇದ್ದರೂ ತಾಲೂಕು ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಹೋಗುವಾಗ ಮನೆಯಲ್ಲಿ ಏನೇನು ಹಚ್ಚಿದ್ದೀರೋ ಆ ಬಾಟಲಿ, ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.