ಚಿಕ್ಕೋಡಿ ಪ್ರದೇಶದ ಸೈನ್ಯ ನೇಮಕಾತಿ

ಚಿಕ್ಕೋಡಿ ಪ್ರದೇಶದ ಸೈನ್ಯ ನೇಮಕಾತಿ ಎಂಬ ಈ ಲೇಖನವು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗಡಿಸೀಮೆಯಿಂದ ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೂ ಸ್ವಾತಂತ್ರ್ಯಾನಂತರ ಭಾರತೀಯ ಭೂಸೇನೆಗೂ ಜನರು ಸೇರಿದ ಹಿನ್ನೆಲೆಯನ್ನು ಮತ್ತು ಯುದ್ಧಗಳಲ್ಲಿ ಅವರು ತೆತ್ತ ಬೆಲೆಯನ್ನು ಕುರಿತದ್ದಾಗಿದೆ. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಯಾರು ಯುದ್ಧಕ್ಕೆ ಹೋಗಬೇಕೆಂಬುದು ವ್ಯಕ್ತಿಯ ಇಚ್ಛೆಯಿಂದಷ್ಟೇ ನಿರ್ಧಾರವಾಗಿಲ್ಲ. ಯಾವ ಜಾತಿಯವರನ್ನು ಯಾವಾಗ ಸೇರಿಸಿಕೊಳ್ಳಬೇಕು, ಯಾವಾಗ ಕೈಬಿಡಬೇಕು ಎಂಬ ಸರ್ಕಾರದ ನೀತಿಯೇ ಬಹುಮಟ್ಟಿಗೆ ಅದನ್ನು ನಿರ್ಧರಿಸಿದೆ.

ಹಿನ್ನೆಲೆ

ಬ್ರಿಟಿಷ್ ಆಳ್ವಿಕೆಯಲ್ಲಿ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೂ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೂ ಸೇರಿದ್ದವು. ಮುಂಬಯಿ ಸೈನ್ಯದಲ್ಲಿ ಮೊದಲಿನಿಂದಲೂ ಮರಾಠರ ಜೊತೆಗೆ ಮಹಾರ್ ಸಮುದಾಯದವರೂ ಇದ್ದರು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿದ ದಳದಲ್ಲಿ ಮಹಾರ್ ಸಿಪಾಯಿಗಳು ಗಣನೀಯ ಸಂಖ್ಯೆಯಲ್ಲಿದ್ದರು.

19ನೆಯ ಶತಮಾನದ ಕೊನೆಯ ವೇಳೆಗೆ ಸೇನಾಧಿಕಾರಿಗಳಲ್ಲಿ 'ಸಮರ ಕುಲ' ಎಂಬ ಸಿದ್ಧಾಂತ ಬೇರೂರಿತು. ಕೆಲವು ಕುಲಗಳು ಹುಟ್ಟಿನಿಂದಲೇ ಯುದ್ಧಕ್ಕೆ ಯೋಗ್ಯ, ಉಳಿದವು ಅಯೋಗ್ಯ ಎಂಬುದು ಅದರ ಸಾರ. ವೈಜ್ಞಾನಿಕ ಆಧಾರವಿಲ್ಲದ ಈ ನಂಬಿಕೆಯನ್ನು 1885ರಿಂದ 1893ರವರೆಗೆ ಮಹಾದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಬಲವಾಗಿ ಪ್ರತಿಪಾದಿಸಿದನು. ಪಂಜಾಬಿಗಳಿಗೂ ಗೂರ್ಖರಿಗೂ ಆದ್ಯತೆ ದೊರೆತು, ಮದರಾಸು ಮತ್ತು ಮುಂಬಯಿ ಸೈನ್ಯಗಳ ಪಾಲು ಕುಗ್ಗಿತು. 1890ರ ದಶಕದ ಆರಂಭದಲ್ಲಿ ಮಹಾರರ ನೇಮಕಾತಿಯನ್ನೇ ನಿಲ್ಲಿಸಲಾಯಿತು. ಅಸ್ಪೃಶ್ಯತೆಯ ಊರಿನಲ್ಲಿ ಸಂಬಳ, ಪಿಂಚಣಿ, ಅಕ್ಷರ ಮತ್ತು ಸಮವಸ್ತ್ರ ನೀಡುತ್ತಿದ್ದ ಏಕೈಕ ಬಾಗಿಲು ಅನೇಕ ಕುಟುಂಬಗಳ ಪಾಲಿಗೆ ಮುಚ್ಚಿದಂತಾಯಿತು. ನಿವೃತ್ತ ಸೈನಿಕ ಗೋಪಾಲ್ ಬಾಬಾ ವಲಂಗಕರ್ ಮತ್ತು ಅವರ ನಂತರ ಶಿವರಾಮ್ ಜಾನಬಾ ಕಾಂಬಳೆ ಈ ನಿರ್ಧಾರದ ವಿರುದ್ಧ ಮನವಿಗಳನ್ನು ಸಿದ್ಧಪಡಿಸಿದರು.

ಮೊದಲನೆಯ ಮಹಾಯುದ್ಧ

1914ರಲ್ಲಿ ಆರಂಭವಾದ ಯುದ್ಧವು ಈ ವರ್ಗೀಕರಣವನ್ನು ಸಡಿಲಿಸಿತು. 13 ಲಕ್ಷದಷ್ಟು ಭಾರತೀಯರು ಯೋಧರಾಗಿಯೂ ಕೂಲಿಗಳಾಗಿಯೂ ಸಮುದ್ರದಾಚೆ ಹೋದರು. ಸುಮಾರು 74,000 ಮಂದಿ ಸತ್ತರು. ಮುಂಬಯಿ ಪ್ರಾಂತದ ಪಾಲಿಗೆ ಪ್ರಮುಖ ರಣಾಂಗಣವೆಂದರೆ ಮೆಸೊಪೊಟೇಮಿಯ, ಅಂದರೆ ಇಂದಿನ ಇರಾಕ್. 103, 110 ಮತ್ತು 117ನೆಯ ಮರಾಠಾ ದಳಗಳು 6ನೆಯ ಪುಣೆ ಡಿವಿಜನ್ನಿನ ಭಾಗವಾಗಿ ಟೈಗ್ರಿಸ್ ನದಿಗುಂಟ ಮುನ್ನಡೆದವು. ಬಾಗ್ದಾದಿನ ಸಮೀಪದಿಂದ ಹಿಮ್ಮೆಟ್ಟಿದ ಈ ಡಿವಿಜನ್ 1915ರ ಡಿಸೆಂಬರ್ 7ರಿಂದ ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಲುಕಿತು.

ಮುತ್ತಿಗೆ ಐದು ತಿಂಗಳು ನಡೆಯಿತು. ಧಾನ್ಯ ತೀರಿದಂತೆ ಕುದುರೆಗಳನ್ನು ಕೊಂದು ಮಾಂಸ ಹಂಚಲಾಯಿತು. ಧಾರ್ಮಿಕ ಕಾರಣದಿಂದ ಬಹುಪಾಲು ಭಾರತೀಯ ಸಿಪಾಯಿಗಳು ಅದನ್ನು ಬಹಳ ಕಾಲ ಮುಟ್ಟಲಿಲ್ಲವಾದ್ದರಿಂದ ಅವರಲ್ಲಿ ಸ್ಕರ್ವಿ ರೋಗವೂ ನಿತ್ರಾಣವೂ ಹೆಚ್ಚಾದವು. ಅವರನ್ನು ಬಿಡಿಸಲು ಬಂದ ಸೈನ್ಯವೇ ಸುಮಾರು 23,000 ಸಾವುನೋವುಗಳನ್ನು ಅನುಭವಿಸಿತು. 1916ರ ಏಪ್ರಿಲ್ 29ರಂದು ಜನರಲ್ ಟೌನ್ಸೆಂಡ್ ಸುಮಾರು 13,000 ಮಂದಿಯೊಡನೆ ಶರಣಾದನು. ಅವನನ್ನು ಇಸ್ತಾಂಬುಲ್ ಬಳಿಯ ದ್ವೀಪವೊಂದರ ಬಂಗಲೆಯಲ್ಲಿ ಸುಖವಾಗಿ ಇರಿಸಲಾಯಿತು. ಸಾಮಾನ್ಯ ಸಿಪಾಯಿಗಳನ್ನಾದರೋ ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ಬಾಗ್ದಾದ್ ರೈಲುಮಾರ್ಗದ ಕೆಲಸಕ್ಕೆ ಹಚ್ಚಲಾಯಿತು. ಸೆರೆಯಲ್ಲಿ ಸತ್ತವರ ಸಂಖ್ಯೆ 4,000ಕ್ಕೂ ಹೆಚ್ಚು.

ಯುದ್ಧ ಮುಗಿಯುವ ವೇಳೆಗೆ ಊರುಗಳ ಸ್ಥಿತಿಯೂ ಹದಗೆಟ್ಟಿತ್ತು. 1918ರಲ್ಲಿ ಮುಂಬಯಿ ಪ್ರಾಂತದಲ್ಲಿ ಮುಂಗಾರು ಕೈಕೊಟ್ಟಿತು. ಯುದ್ಧದಿಂದ ಮರಳಿದ ಹಡಗುಗಳೊಂದಿಗೆ ಇನ್‌ಫ್ಲುಯೆಂಜಾ ಬಂದಿತು.

ಮಹಾರ್ ದಳಗಳು

ಜನ ಸಾಲದೆ ಬಂದಾಗ 1917ರಲ್ಲಿ 111ನೆಯ ಮಹಾರ್ ದಳವನ್ನು ಕಟ್ಟಲಾಯಿತು. ಯುದ್ಧಾನಂತರ ವೆಚ್ಚ ಕಡಿತದ ವೇಳೆ, 1921ರಲ್ಲಿ, ಅದನ್ನು ವಿಸರ್ಜಿಸಲಾಯಿತು. ಮರಾಠಾ ದಳಗಳು ಮಾತ್ರ 1922ರ ಪುನಾರಚನೆಯಲ್ಲಿ ಒಂದೇ ರೆಜಿಮೆಂಟಾಗಿ ಉಳಿದುಕೊಂಡವು; ಅವುಗಳ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು.

ಸುಬೇದಾರರೊಬ್ಬರ ಮಗನಾದ ಡಾ. ಬಿ. ಆರ್. ಅಂಬೇಡ್ಕರ್ ಅವರಿಗೆ ಈ ಪ್ರಶ್ನೆ ಮನೆಯದೇ ಆಗಿತ್ತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ನಡೆದ ಮುಂಬಯಿ ಪ್ರಾಂತೀಯ ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಅವರು ಭಾಗವಹಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಹಾರ್ ದಳದ ಮರುಸ್ಥಾಪನೆಗೆ ಅವರು ಒತ್ತಾಯಿಸಿದರು. ಹೊಸ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ 1941ರ ಅಕ್ಟೋಬರ್‌ನಲ್ಲಿ ರೂಪುಗೊಂಡದ್ದು ಬೆಳಗಾವಿಯಲ್ಲಿಯೇ. ಸೈನ್ಯ ಸೇರುವುದನ್ನು ಹಕ್ಕೆಂದು ಕೇಳಬೇಕಾಗಿ ಬಂದ ಸಮುದಾಯಕ್ಕೆ ಆ ಹಕ್ಕು ಎರಡೂ ಬಾರಿ ದೊರೆತದ್ದು ಸಾವಿಗೆ ಜನ ಬೇಕಾದಾಗ ಎಂಬುದನ್ನು ಇಲ್ಲಿ ಗಮನಿಸಬಹುದು.

ಸ್ವಾತಂತ್ರ್ಯಾನಂತರ

ಮರಾಠಾ ಲಘು ಪದಾತಿ ದಳದ ಕೇಂದ್ರವು ಇಂದಿಗೂ ಬೆಳಗಾವಿಯಲ್ಲಿದ್ದು, ಗಡಿಸೀಮೆಯ ಯುವಕರಿಗೆ ಹತ್ತಿರದ ದಾರಿಯಾಗಿದೆ. ಸಾವು ಯುದ್ಧದಲ್ಲಿಯೇ ಬರಬೇಕೆಂದಿಲ್ಲ: 2024ರ ಡಿಸೆಂಬರ್ 24ರಂದು ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಈ ದಳದ 11ನೆಯ ಬೆಟಾಲಿಯನ್ನಿನ ವಾಹನ ಕಮರಿಗೆ ಉರುಳಿ ಐವರು ಯೋಧರು ಮೃತಪಟ್ಟರು, ಅವರಲ್ಲಿ ಮೂವರು ಕರ್ನಾಟಕದವರು.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯು ಸೇವಾವಧಿಯನ್ನು ನಾಲ್ಕು ವರ್ಷಗಳಿಗೆ ಇಳಿಸಿತು. ಗರಿಷ್ಠ ಶೇ. 25ರಷ್ಟು ಅಗ್ನಿವೀರರು ಮಾತ್ರ ಕಾಯಂ ಆಗುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ ಉಂಟು, ಪಿಂಚಣಿ ಇಲ್ಲ.

ಸ್ಮರಣೆ

ಕೋರೆಗಾಂವ್ ಸ್ತಂಭದ ಮೇಲೆ ಮಡಿದ ಸಿಪಾಯಿಗಳ ಹೆಸರುಗಳನ್ನು ಕೆತ್ತಲಾಗಿದೆ. ನೂರು ವರ್ಷಗಳ ನಂತರದ ಯುದ್ಧದಲ್ಲಿ ಹೀಗಾಗಲಿಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕವು ಮೆಸೊಪೊಟೇಮಿಯದಲ್ಲಿ ಸತ್ತು ಗೋರಿ ತಿಳಿಯದ 40,000ಕ್ಕೂ ಹೆಚ್ಚು ಜನರದು. ಬ್ರಿಟಿಷ್ ಯೋಧರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳು ಅದರಲ್ಲಿ ಇದ್ದವು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಆಯಾ ದಳದ ಕೆಳಗೆ ಬರೀ ಸಂಖ್ಯೆಯಾಗಿ ನಮೂದಿಸಲಾಯಿತು. ಮುಂಬಯಿ ಪ್ರಾಂತದ ಹಲವು ಹಳ್ಳಿಗಳ ಚಾವಡಿ, ಶಾಲೆಗಳಲ್ಲಿ ಹಚ್ಚಿದ ಕಲ್ಲುಫಲಕಗಳೂ ಇದೇ ಬಗೆಯವು: ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣಾರ್ಪಣೆ ಮಾಡಿದರು ಎಂದಷ್ಟೇ ಅವು ಹೇಳುತ್ತವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು ಈ ಅಸಮಾನತೆಯನ್ನು 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿತು.

ಆಯೋಗದ ಅಂತರಜಾಲ ದತ್ತಾಂಶದಲ್ಲಿ ಈಗ ಅನೇಕ ಭಾರತೀಯ ಸಿಪಾಯಿಗಳ ಹೆಸರು ಸಿಗುತ್ತದೆ. ಕೆಲವೆಡೆ ತಂದೆಯ ಹೆಸರು, ಊರು ಮತ್ತು ತಾಲ್ಲೂಕು ಕೂಡ ಇವೆ. ಪೂರ್ವಿಕರನ್ನು ಹುಡುಕುವವರು ಇಂಗ್ಲಿಷಿನ ಹಳೆಯ ಕಾಗುಣಿತದ ಚಿಕೋಡಿ, ಬೆಲ್ಗಾಮ್ ಎಂಬ ರೂಪಗಳನ್ನು ಬಳಸಬೇಕಾಗುತ್ತದೆ. ರಾಯಬಾಗದ ಕಡೆಯವರು ಕೊಲ್ಹಾಪುರದ ಹೆಸರಿನಲ್ಲಿಯೂ ನೋಡುವುದು ಒಳ್ಳೆಯದು.