ಕೊಡಲಿ, ಕೋವಿ ಮತ್ತು ಹಕ್ಕುಪತ್ರ

ಮರದ ದಿಮ್ಮಿಗಳ ಗುಡಿಸಲಿನಲ್ಲಿ ಬೆಳೆದ ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷನಾದ ಕತೆ ನಮ್ಮ ಶಾಲಾಮಕ್ಕಳಿಗೂ ಗೊತ್ತು. ಆದರೆ ಆ ಗುಡಿಸಲನ್ನು ಕಟ್ಟಿದ ತಂದೆ ಥಾಮಸ್ ಲಿಂಕನ್ ಯಾರು? ತನ್ನ ಹೆಸರನ್ನು ಹೇಗೋ ಗೀಚುವಷ್ಟೇ ಅಕ್ಷರ ಬಲ್ಲ ಈ ರೈತ, ಬಡಗಿಯ ಬದುಕು ಅಮೆರಿಕದ ಮಧ್ಯ-ಪಶ್ಚಿಮ ಭಾಗದಲ್ಲಿ ಕಾಡು ಊರಾದ ಬಗೆಯನ್ನೇ ಹೇಳುತ್ತದೆ.

ಥಾಮಸ್ ಹುಟ್ಟಿದ್ದು 1778ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದದ್ದು ಕೆಂಟಕಿಯಲ್ಲಿ. 1786ರಲ್ಲಿ ಮೂಲನಿವಾಸಿಗಳ ದಾಳಿಯಲ್ಲಿ ತಂದೆ ಸತ್ತ. ಕೆಂಟಕಿಯಲ್ಲಿ ಸರಿಯಾದ ಭೂಮಾಪನವಿರಲಿಲ್ಲ. ಒಂದೇ ಜಮೀನಿಗೆ ಹಲವು ವಾರಸುದಾರರು. ವ್ಯಾಜ್ಯಗಳಿಂದ ಬೇಸತ್ತ ಥಾಮಸ್ 1816ರ ಕೊನೆಯಲ್ಲಿ ಹೆಂಡತಿ ಮಕ್ಕಳೊಡನೆ ಓಹಿಯೊ ನದಿ ದಾಟಿ ಇಂಡಿಯಾನಾಕ್ಕೆ ಬಂದ. ಅಲ್ಲಿ ಗುಲಾಮಗಿರಿ ಇರಲಿಲ್ಲ. ಜಮೀನನ್ನು ಸರ್ಕಾರವೇ ಅಳೆದು, ಚೌಕಗಳಾಗಿ ವಿಂಗಡಿಸಿ, ಎಕರೆಗೆ ಎರಡು ಡಾಲರಿನಂತೆ ಕಂತಿನಲ್ಲಿ ಮಾರುತ್ತಿತ್ತು.

ದಟ್ಟ ಕಾಡಿನಲ್ಲಿ ಮೊದಲ ಚಳಿಗಾಲ ಕಳೆಯಲು ನೆರವಾದದ್ದು ಕೋವಿ. ಜಿಂಕೆ, ಕರಡಿ, ಕಾಡು ಟರ್ಕಿಕೋಳಿಗಳೇ ಆಹಾರ. ಜಿಂಕೆಯ ಚರ್ಮವೇ ಉಡುಪು. ಆಮೇಲೆ ಕೊಡಲಿಯ ಕೆಲಸ. ದೊಡ್ಡ ಮರಗಳ ತೊಗಟೆಯನ್ನು ಸುತ್ತಲೂ ಕೆತ್ತಿ ಒಣಗಲು ಬಿಟ್ಟು, ನಡುವಿನ ನೆಲದಲ್ಲಿ ಮೆಕ್ಕೆಜೋಳ ಬಿತ್ತುವುದು ಅಂದಿನ ಪದ್ಧತಿ. ಹಂದಿ, ದನಗಳು ಕಾಡಿನಲ್ಲೇ ಮೇಯುತ್ತಿದ್ದವು.

ಅಪಾಯ ಬಂದದ್ದೂ ಆ ಮೇವಿನಿಂದಲೇ. ಬಿಳಿ ಹೂ ಬಿಡುವ ಒಂದು ಕಾಡುಗಿಡವನ್ನು ತಿಂದ ಹಸುವಿನ ಹಾಲು ವಿಷವಾಗುತ್ತಿತ್ತು. ‘ಹಾಲಿನ ಕಾಯಿಲೆ’ ಎಂದು ಹೆಸರಾದ ಈ ರೋಗಕ್ಕೆ 1818ರ ಅಕ್ಟೋಬರಿನಲ್ಲಿ ಥಾಮಸನ ಹೆಂಡತಿ ನ್ಯಾನ್ಸಿ ಬಲಿಯಾದಳು. ಆಗ ಅಬ್ರಹಾಮನಿಗೆ ಒಂಬತ್ತು ವರ್ಷ. ಶವಪೆಟ್ಟಿಗೆಯನ್ನು ಮಾಡಿದವನು ಥಾಮಸನೇ. ಮುಂದೆ ಇಲಿನಾಯ್‌ನ ಸೂಲಗಿತ್ತಿಯೊಬ್ಬಳಿಗೆ ಈ ಗಿಡವನ್ನು ತೋರಿಸಿಕೊಟ್ಟವಳು ಶಾವ್ನಿ ಬುಡಕಟ್ಟಿನ ಹೆಂಗಸು ಎಂಬ ಪ್ರತೀತಿ ಇದೆ. ವಿಜ್ಞಾನಿಗಳು ವಿಷವನ್ನು ಗುರುತಿಸಿದ್ದು 1920ರ ದಶಕದಲ್ಲಿ. ಕಾಡನ್ನು ಕಡಿಯಬಲ್ಲವರಿಗೆ ಕಾಡಿನ ತಿಳಿವಳಿಕೆ ಇರಲಿಲ್ಲ. ತಿಳಿದವರನ್ನು ಅಲ್ಲಿಂದ ಹೊರದೂಡಲಾಗುತ್ತಿತ್ತು.

ಥಾಮಸ್ ನೆಲೆಸಿದ ಪ್ರದೇಶವನ್ನು ಸರ್ಕಾರ 1804ರ ಒಪ್ಪಂದಗಳ ಮೂಲಕ ಡೆಲವೇರ್ ಮತ್ತು ಪಿಯಾಂಕಶಾ ಜನರಿಂದ ಪಡೆದಿತ್ತು. ನ್ಯಾನ್ಸಿ ಸತ್ತ 1818ರಲ್ಲೇ ಡೆಲವೇರ್ ಜನ ಇಂಡಿಯಾನಾವನ್ನೇ ಬಿಟ್ಟುಹೋಗಲು ಒಪ್ಪಬೇಕಾಯಿತು. ಒಬ್ಬನ ಭದ್ರವಾದ ಹಕ್ಕುಪತ್ರದ ಹಿಂದೆ ಇನ್ನೊಬ್ಬರು ಕಳೆದುಕೊಂಡ ನೆಲವಿತ್ತು.

ಆ ಭದ್ರತೆಯೂ ಥಾಮಸನಿಗೆ ಪೂರ್ತಿ ದಕ್ಕಲಿಲ್ಲ. 160 ಎಕರೆಗೆ ಕಂತು ಕಟ್ಟತೊಡಗಿದವನು ಅರ್ಧವನ್ನು ಬಿಟ್ಟುಕೊಟ್ಟು, 1827ರಲ್ಲಿ 80 ಎಕರೆಗೆ ಮಾತ್ರ ಹಕ್ಕುಪತ್ರ ಪಡೆದ. 1830ರಲ್ಲಿ ಅದನ್ನೂ ಬಿಟ್ಟು ಇಲಿನಾಯ್‌ಗೆ ಹೊರಟ. ಹಾಲಿನ ಕಾಯಿಲೆ ಮರಳೀತೆಂಬ ಭಯವೂ ಇದಕ್ಕೆ ಒಂದು ಕಾರಣ. 1851ರಲ್ಲಿ ಅಲ್ಲೇ ತೀರಿಕೊಂಡ. ವಕೀಲನಾಗಿದ್ದ ಮಗ ಅಂತ್ಯಕ್ರಿಯೆಗೆ ಹೋಗಲಿಲ್ಲ. ಹನ್ನೊಂದು ವರ್ಷಗಳ ಬಳಿಕ, 1862ರಲ್ಲಿ, ನೆಲೆನಿಂತು ಐದು ವರ್ಷ ಉತ್ತವನಿಗೆ 160 ಎಕರೆಯನ್ನು ಹೆಚ್ಚುಕಡಿಮೆ ಉಚಿತವಾಗಿ ಕೊಡುವ ಕಾಯಿದೆಗೆ ಸಹಿ ಹಾಕಿದವನು ಅದೇ ಮಗ. ತಂದೆ ಬಿಟ್ಟುಕೊಡುವ ಮೊದಲು ಹಿಡಿದಿದ್ದ ಜಮೀನಿನ ಅಳತೆಯೂ ಅಷ್ಟೇ ಆಗಿತ್ತು.