ಬೇಸಿಗೆ ಸೂಟಿ ಗಂಟಲಿಗೂ ಇರಲಿ

ಪರೀಕ್ಷೆ ಮುಗಿದು ಫಲಿತಾಂಶ ಹಚ್ಚುವ ಹೊತ್ತಿಗೆ ಹಳೇ ಹುಬ್ಬಳ್ಳಿಯ ಯಾವುದಾದರೂ ಓಣಿಯಲ್ಲಿ ಎದುರಾದ ಮಾಸ್ತರರನ್ನು ಮಾತನಾಡಿಸಿ ನೋಡಿ. ‘ಏನ್ರಿ ಸರ, ಸೂಟಿ ಶುರು ಆತಲ್ಲ?’ ಎಂದರೆ ಉತ್ತರಕ್ಕೆ ಮೊದಲು ಒಂದು ಕೆಮ್ಮು ಬರುತ್ತದೆ. ಅದರ ಹಿಂದೆ ಬರುವ ದನಿ ಒಡೆದಿರುತ್ತದೆ. ಅಕ್ಕೋರನ್ನು ಕೇಳಿದರೂ ಇದೇ ಕಥೆ. ‘ಅದೇನು ಹೊಸದಲ್ಲ ಬಿಡ್ರಿ, ಸಾಲಿ ಕಲಿಸೋರ ಗಂಟಲಾನೇ ಹಿಂಗ’ ಎಂದು ಅವರೇ ನಗುತ್ತಾರೆ.

ಆದರೆ ಇದು ನಕ್ಕು ಬಿಡುವ ವಿಷಯವಲ್ಲ. ಬಡಗಿಗೆ ಕೈ ಹೇಗೋ ಶಿಕ್ಷಕರಿಗೆ ದನಿ ಹಾಗೆ. ಅದು ದುರಸ್ತಿಯಾಗಲು ವರ್ಷದಲ್ಲಿ ಸಿಗುವ ದೊಡ್ಡ ಅವಕಾಶ ಬೇಸಿಗೆ ಸೂಟಿಯೊಂದೇ. ನೀವೇ ಶಿಕ್ಷಕರಾಗಿದ್ದರೆ ಈ ಲೇಖನವನ್ನು ಕತ್ತರಿಸಿ ಇಟ್ಟುಕೊಳ್ಳಿ. ಮನೆಯಲ್ಲಿ ಶಿಕ್ಷಕರಿದ್ದರೆ ಅವರ ಕೈಗೆ ಕೊಡಿ.

2023, 2024 ಮತ್ತು 2025ರಲ್ಲಿ ನಮ್ಮ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ ರಜೆ ಇತ್ತು. ಕೇಳಲು ಬಹಳ. ಆದರೆ 2023ರ ಮೇ 10ರಂದು ವಿಧಾನಸಭೆಗೂ 2024ರ ಮೇ 7ರಂದು ಧಾರವಾಡ ಲೋಕಸಭಾ ಕ್ಷೇತ್ರಕ್ಕೂ ಮತದಾನ ನಡೆದಾಗ ಅನೇಕ ಶಿಕ್ಷಕರ ರಜೆ ಚುನಾವಣೆ ಕೆಲಸಕ್ಕೇ ಹೋಯಿತು. ಉಳಿದದ್ದನ್ನು ಮದುವೆ, ಮುಂಜಿವೆ, ನೆಂಟರು ಹಂಚಿಕೊಂಡರು. ಆದ್ದರಿಂದ ಸಿಕ್ಕ ದಿನಗಳನ್ನು ಮೊದಲೇ ಮೂರು ಪಾಲು ಮಾಡಿಕೊಳ್ಳಿ: ವಿಶ್ರಾಂತಿಗೆ ಒಂದು, ದುರಸ್ತಿಗೆ ಒಂದು, ಕಲಿಕೆಗೆ ಒಂದು.

ದನಿ ಕೆಡುವುದು ಹೇಗೆ?

ಗಂಟಲಿನ ಒಳಗೆ ಎರಡು ಸಣ್ಣ ಮಡಿಕೆಗಳಿವೆ. ಇವಕ್ಕೆ ಧ್ವನಿತಂತುಗಳೆನ್ನುತ್ತಾರೆ. ಮಾತನಾಡುವಾಗ ಇವು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ. ತರಗತಿಯಲ್ಲಿ 50 ಮಕ್ಕಳ ಗಲಾಟೆ, ತಲೆಯ ಮೇಲೆ ಫ್ಯಾನಿನ ಸದ್ದು, ಹೊರಗೆ ಇಂಡಿ ಪಂಪ್ ಕಡೆಯ ವಾಹನಗಳ ಹಾರನ್ನು. ಇವೆಲ್ಲವನ್ನೂ ಮೀರಿಸಲು ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಆಗ ತಂತುಗಳು ಬಡಿದುಕೊಳ್ಳುವ ರಭಸವೂ ಏರುತ್ತದೆ. ಕೊಡಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಅಲ್ಲಿಯೂ ಸಣ್ಣ ಗಂಟುಗಳು ಏಳಬಹುದು. ಹೆಂಗಸರಲ್ಲಿ ಇದು ಹೆಚ್ಚು.

ಹುಬ್ಬಳ್ಳಿಯವರಿಗೆ ದನಿಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಗಂಗೂಬಾಯಿ ಹಾನಗಲ್ (1913-2009) ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು. ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠವೇ ಬದಲಾಯಿತು. ಆ ಬದಲಾದ ಕಂಠವನ್ನು ರಿಯಾಜಿನಿಂದ ಪಳಗಿಸಿ ಅವರು ದೇಶವೇ ತಲೆದೂಗುವಂತೆ ಹಾಡಿದರು. ಗಾಯಕರಿಗೆ ರಿಯಾಜು ಉಂಟು. ದಿನಕ್ಕೆ ನಾಲ್ಕೈದು ತಾಸು ದನಿ ಎತ್ತುವ ಶಿಕ್ಷಕರಿಗೆ ಮಾತ್ರ ಅಂಥ ಅಭ್ಯಾಸ ಇಲ್ಲ.

ಮೊದಲ ಪಾಲು: ವಿಶ್ರಾಂತಿ

ಮೊದಲ ಹತ್ತು ದಿನ ಮಾತನ್ನು ಅರ್ಧಕ್ಕೆ ಇಳಿಸಿ. ಪೂರ್ಣ ಮೌನ ಬೇಕಿಲ್ಲ. ಕೂಗಿ ಕರೆಯುವುದು, ಗದ್ದಲದಲ್ಲಿ ಮಾತನಾಡುವುದು, ಫೋನಿನಲ್ಲಿ ತಾಸುಗಟ್ಟಲೆ ಹರಟುವುದು ಬೇಡ. ಪಿಸುಮಾತು ಗಂಟಲಿಗೆ ಆರಾಮ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು, ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ. ಮೆಲುದನಿಯ ಸಹಜ ಮಾತೇ ಒಳ್ಳೆಯದು. ಪದೇ ಪದೇ ಗಂಟಲು ಕೆರೆದು ಸರಿಪಡಿಸುವ ಚಟವಿದ್ದರೆ, ಹಾಗನ್ನಿಸಿದಾಗಲೆಲ್ಲ ಒಂದು ಗುಟುಕು ನೀರು ಕುಡಿಯಿರಿ.

ನಿದ್ದೆಯ ಸಾಲವನ್ನೂ ಈಗಲೇ ತೀರಿಸಿ. ದಿನಕ್ಕೆ ಏಳು-ಎಂಟು ತಾಸು ಮಲಗಿ. ದನಿಯ ಜೊತೆಗೆ ಸಿಡುಕೂ ಇಳಿಯುವುದನ್ನು ಮನೆಯವರೇ ಗಮನಿಸುತ್ತಾರೆ.

ಎರಡನೆಯ ಪಾಲು: ದುರಸ್ತಿ

ಶಾಲೆಯ ಶೌಚಾಲಯ ಸರಿಯಿಲ್ಲವೆಂದು ನೀರನ್ನೇ ಕುಡಿಯದ ಅಕ್ಕೋರು ಎಷ್ಟೋ ಮಂದಿ. ಇದರಿಂದ ಗಂಟಲು ಒಣಗುತ್ತದೆ, ಉರಿಮೂತ್ರವೂ ಅಂಟಿಕೊಳ್ಳುತ್ತದೆ. ರಜೆಯಲ್ಲಿ ಮತ್ತೆ ನೀರಿನ ರೂಢಿ ಮಾಡಿಕೊಳ್ಳಿ. ಮೂತ್ರದ ಬಣ್ಣ ತಿಳಿಯಾಗಿದ್ದರೆ ನೀರು ಸಾಕಾಗಿದೆ ಎಂದು ತಿಳಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಹುಳಿತೇಗು ಬರುವವರ ದನಿಯೂ ಬೇಗ ಕೆಡುತ್ತದೆ. ಗಿರ್ಮಿಟ್ಟು, ಮಿರ್ಚಿ ಬಿಡಿ ಎಂದು ಹುಬ್ಬಳ್ಳಿಯವರಿಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಸಂಜೆಗೇ ಮುಗಿಸಿ, ಮಲಗುವುದಕ್ಕೆ ಎರಡು-ಮೂರು ತಾಸು ಮೊದಲು ಊಟ ಮಾಡಿ.

ದಿನವೂ ಬೆಳಿಗ್ಗೆ, ಸಂಜೆ ಐದು ನಿಮಿಷ ದನಿಯ ರಿಯಾಜು ಮಾಡಿ. ಬಾಯಿ ಮುಚ್ಚಿ ಮೆಲ್ಲಗೆ ‘ಮ್’ ಎಂದು ಗುನುಗಿ. ಇಲ್ಲವೆ ಅರ್ಧ ಲೋಟ ನೀರಿನಲ್ಲಿ ಎರಡು ಬೆರಳಿನಷ್ಟು ಆಳಕ್ಕೆ ಸ್ಟ್ರಾ ಇಟ್ಟು, ಗುಳ್ಳೆ ಏಳುವಂತೆ ‘ಊ’ ಎಂದು ದನಿ ಹೊರಡಿಸಿ. ಗಂಟಲಿಗೆ ಎಳೆತ ಎನಿಸಿದರೆ ನಿಲ್ಲಿಸಿ.

ನಿಂತು ನಿಂತು ಕಾಲಿನ ರಕ್ತನಾಳ ಉಬ್ಬಿದ್ದರೆ ಮಲಗುವಾಗ ಕಾಲ ಕೆಳಗೆ ದಿಂಬು ಇಡಿ. ಬಿಸಿಲು ಏರುವ ಮೊದಲೇ ಸಿದ್ಧಾರೂಢ ಮಠದ ಕಡೆಗೋ ಉಣಕಲ್ ಕೆರೆಯ ದಂಡೆಗೋ ಅರ್ಧ ತಾಸು ನಡೆದು ಬನ್ನಿ. ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕಣ್ಣುಗಳನ್ನು ಈ ರಜೆಯಲ್ಲಿಯೇ ಪರೀಕ್ಷಿಸಿಕೊಳ್ಳಿ. ಜೂನ್ ಬಂದರೆ ‘ಪುರುಸೊತ್ತಿಲ್ಲ’ ಎಂಬ ಮಾತು ಮತ್ತೆ ಬರುತ್ತದೆ.

ಮೂರನೆಯ ಪಾಲು: ಹೊಸ ಪಾಠ

ಜೂನ್‌ನಲ್ಲಿ ಮತ್ತೆ ಹಳೆಯ ರೀತಿಯಲ್ಲಿಯೇ ಕೂಗಿ ಕಲಿಸಿದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮವಾದೀತು. ಕಡಿಮೆ ಮಾತಿನಲ್ಲಿ ಹೆಚ್ಚು ಕಲಿಸುವುದು ಹೇಗೆಂದು ಯೋಚಿಸುವುದೇ ಕೊನೆಯ ಪಾಲಿನ ಕೆಲಸ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಮೇಲ್ಪಂಕ್ತಿ ಇದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಕ್ರಮವನ್ನು ನೋಡಿ ಬಂದು, ತಮ್ಮದೇ ಕಾರ್ಡುಗಳನ್ನು ತಯಾರಿಸಿದರು. 1995ರಲ್ಲಿ ಹೀಗೆ ಹುಟ್ಟಿದ್ದೇ ‘ನಲಿ-ಕಲಿ’. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಗುಂಪಾಗಿ ಕೂತು ಕಾರ್ಡು ನೋಡಿ ಕಲಿಯುತ್ತಾರೆ, ಶಿಕ್ಷಕರು ಅವರ ಪಕ್ಕದಲ್ಲಿ ಕೂರುತ್ತಾರೆ. ದನಿ ಉಳಿಸಲೆಂದು ಅದನ್ನು ಮಾಡಿದ್ದಲ್ಲ. ಆದರೆ ಪಕ್ಕದಲ್ಲಿ ಕೂತವರು ಕೂಗಬೇಕಿಲ್ಲ.

ನೀವು ದೊಡ್ಡ ತರಗತಿಗೆ ಕಲಿಸುವವರೇ? ಮಕ್ಕಳಿಗೆ ಕಠಿಣವೆನಿಸುವ ಎರಡು ಪಾಠಗಳನ್ನು ಆರಿಸಿಕೊಳ್ಳಿ. 40 ನಿಮಿಷದ ಅವಧಿಯಲ್ಲಿ ನಿಮ್ಮ ಮಾತು 15 ನಿಮಿಷ ಮೀರದಂತೆ ಅವನ್ನು ಹೊಸದಾಗಿ ಹೊಂದಿಸಿ. ಓದುವುದು, ಬೋರ್ಡಿಗೆ ಬಂದು ಬಿಡಿಸುವುದು, ಒಬ್ಬರಿಗೊಬ್ಬರು ವಿವರಿಸುವುದು ಮಕ್ಕಳ ಪಾಲಿಗಿರಲಿ. ಗದ್ದಲ ನಿಲ್ಲಿಸಲು ಕೂಗುವ ಬದಲು ಚಪ್ಪಾಳೆಯ ಒಂದು ಗುರುತು ಕಲಿಸಿ. ಬೋರ್ಡಿನ ಕಡೆ ಮುಖ ಮಾಡಿ ಬರೆಯುವಾಗ ಮಾತು ಬೇಡ. ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ಬಳಸಲು ನಾಚಿಕೆ ಬೇಡ. ವಾರಕ್ಕೊಮ್ಮೆ ಜೊತೆಯ ಶಿಕ್ಷಕರೊಬ್ಬರ ಮನೆಯಲ್ಲಿ ಸೇರಿ, ತಯಾರಿಸಿದ್ದನ್ನು ಪರಸ್ಪರ ತೋರಿಸಿದರೆ ಅದೇ ಒಳ್ಳೆಯ ತರಬೇತಿ.

ವೈದ್ಯರಲ್ಲಿಗೆ ಯಾವಾಗ?

ದನಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಷಾಯವನ್ನೇ ನಂಬಿ ಕೂರಬೇಡಿ. ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ನುಂಗಲು ತೊಂದರೆ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು ಕಂಡರೆ ತಕ್ಷಣ ಹೋಗಿ. ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಅಭ್ಯಾಸವಿದ್ದವರು ಒಂದು ದಿನವೂ ತಡ ಮಾಡಬಾರದು. ಉಸಿರಾಟಕ್ಕೇ ತೊಂದರೆಯಾದರೆ ಅದು ತುರ್ತು ಸ್ಥಿತಿ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದನಿಯ ಚಿಕಿತ್ಸೆಗೇ ಹೆಸರಾದದ್ದು. ಬಳಕೆಯ ದೋಷದಿಂದ ಎದ್ದ ಗಂಟುಗಳು ಬಹುಮಟ್ಟಿಗೆ ಧ್ವನಿ ಚಿಕಿತ್ಸೆಯಿಂದಲೇ ಇಳಿಯುತ್ತವೆ. ಶಸ್ತ್ರಚಿಕಿತ್ಸೆಯ ಹೆದರಿಕೆಯಿಂದ ದೂರ ಉಳಿಯಬೇಡಿ.

ಮನೆಯವರಿಗೆ ಒಂದು ಮಾತು

ಅಕ್ಕೋರಿಗೆ ಸೂಟಿ ಎಂದರೆ ಮನೆಯಲ್ಲಿ ಹಪ್ಪಳ-ಸಂಡಿಗೆಯ ಕೆಲಸ ಎಂದೇ ಲೆಕ್ಕ. ಈ ಸಲ ಆ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಿ. ಹಿತ್ತಲಿನಿಂದ ಪಡಸಾಲೆಗೆ ಕೂಗಿ ಮಾತನಾಡುವುದನ್ನು ಬಿಟ್ಟು, ಹತ್ತಿರ ಹೋಗಿ ಮಾತನಾಡಿ. ಟಿ.ವಿ. ಸದ್ದು ತಗ್ಗಿಸಿ. ನಿಮ್ಮ ಮಕ್ಕಳ ಶಿಕ್ಷಕರಿಗೂ ಇಷ್ಟು ಉಪಕಾರ ಮಾಡಬಹುದು: ರಜೆಯಲ್ಲಿ ಅವರಿಗೆ ಪದೇ ಪದೇ ಫೋನ್ ಮಾಡಬೇಡಿ. ಶಾಲೆ ಶುರುವಾದ ಮೇಲೆ ಪಾಲಕರ ಸಭೆಗೆ ಹೋದಾಗ ಶಿಕ್ಷಕರಿಗೆ ಕುಡಿಯುವ ನೀರು, ಬಳಸಲು ಯೋಗ್ಯವಾದ ಶೌಚಾಲಯ ಇವೆಯೇ ಎಂದು ನೀವೇ ಕೇಳಿ. ಅವರು ಸಂಕೋಚದಿಂದ ಕೇಳಿರುವುದಿಲ್ಲ.